ಭದ್ರೆಯ ದಂಡೆಯ ಲೆಕ್ಕದ ಹುಚ್ಚು

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗ ಸೀಮೆಯವರು ಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಜಲಾಶಯಗಳ ಮಟ್ಟವನ್ನು. ಭದ್ರಾ, ಗರಿಷ್ಠ 186 ಅಡಿ. ಲಿಂಗನಮಕ್ಕಿ, ಗರಿಷ್ಠ 1819 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಗದ್ದೆಯವರಿಗೂ ತೋಟದವರಿಗೂ ಅದು ಬೇಸಗೆಯ ನೀರಿನ ಭರವಸೆ. ಗಣಿತದ ರುಚಿ ಹತ್ತಿದ ವಿದ್ಯಾರ್ಥಿಗೆ ಅದೇ ಅಂಕಣ ಬೇರೊಂದು ಸುಖ ಕೊಡುತ್ತದೆ. ನಿನ್ನೆಯ ಮಟ್ಟ, ಇವತ್ತಿನ ಮಟ್ಟ, ನಡುವೆ 24 ಗಂಟೆ. ಒಂದರಿಂದ ಇನ್ನೊಂದನ್ನು ಕಳೆದರೆ ನೀರು ಏರುವ ವೇಗ ಸಿಕ್ಕಿತು. ಆ ವೇಗ ದಿನದಿಂದ ದಿನಕ್ಕೆ ಎಷ್ಟು ಹೆಚ್ಚುತ್ತಿದೆ ಎಂದು ಮತ್ತೊಮ್ಮೆ ಕಳೆದು ನೋಡಿದರೆ, ಗೇಟು ಎತ್ತುವ ದಿನ ಯಾವ ವಾರ ಬರಬಹುದೆಂಬ ಅಂದಾಜೂ ಸಿಕ್ಕಿತು. ಪಿಯುಸಿಯಲ್ಲಿ ಕ್ಯಾಲ್ಕುಲಸ್ ಎಂದು ಹೆದರಿಸುವ ವಿಷಯವನ್ನು ಕೂಡುವ, ಕಳೆಯುವ ಲೆಕ್ಕಗಳಿಗೆ ಇಳಿಸಿ ಉತ್ತರ ತೆಗೆಯುವ ಈ ವಿದ್ಯೆಗೆ ಗಣನಾತ್ಮಕ ಗಣಿತ ಎಂದು ಹೆಸರು. ಹವಾಮಾನ ಮುನ್ಸೂಚನೆ, ಸೇತುವೆಯ ವಿನ್ಯಾಸ, ಉಪಗ್ರಹದ ದಾರಿ, ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ, ಎಲ್ಲದರ ಬುಡದಲ್ಲೂ ಇರುವುದು ಇದೇ.

ಭದ್ರಾವತಿಯ ಕಾಗದನಗರದಂಥ ಕಡೆ ಹತ್ತು ಸಾಲು ಪೈಥಾನ್ ಬರೆದು ಇಂಥ ಲೆಕ್ಕ ಮಾಡುವ, ರಾತ್ರಿ ಕೂತು ಅನ್ಯಗ್ರಹದ ಕಥೆ ಓದುವ, ರೋಬಾಟು, ಡ್ರೋನು ಎಂದು ಹಂಬಲಿಸುವ ಮಕ್ಕಳನ್ನು ಕಂಡರೆ, ಬೆಂಗಳೂರಿನ ಗಾಳಿ ಸೋಕಿದೆ ಎನ್ನುವುದು ವಾಡಿಕೆ. ಈ ಸೀಮೆಯ ಚರಿತ್ರೆ ತಿಳಿದವರು ಹಾಗೆ ಹೇಳಲಾರರು. ಲೆಕ್ಕ, ಕಲ್ಪನೆ, ಹೊಸ ಯಂತ್ರ ಈ ಮೂರೂ ಭದ್ರೆ ಮತ್ತು ತುಂಗೆಯ ನಡುವಿನ ನೆಲದಲ್ಲಿ ಬಹಳ ಹಿಂದೆಯೇ ಬೇರು ಬಿಟ್ಟಿವೆ.

ಮೊದಲಿಗೆ ಲೆಕ್ಕ. ಕೆಳದಿಯ ಅರಸ ಶಿವಪ್ಪ ನಾಯಕನನ್ನು ಮಲೆನಾಡು ಇಂದಿಗೂ ‘ಶಿಸ್ತಿನ ಶಿವಪ್ಪ ನಾಯಕ’ ಎಂದೇ ನೆನೆಯುತ್ತದೆ. 1645ರಿಂದ 1660ರವರೆಗೆ ಆಳಿದ ಈತ ಗೆದ್ದ ಕೋಟೆಗಳಿಗಿಂತ ಈತ ಮಾಡಿದ ಕಂದಾಯದ ಲೆಕ್ಕ ಹೆಚ್ಚು ಕಾಲ ಬಾಳಿತು. ಊರೂರಲ್ಲಿ ಮಾದರಿ ಹೊಲ ಆರಿಸಿ, ಸತತವಾಗಿ 12 ವರ್ಷ ಬೆಳೆ ತೆಗೆಸಿ, ಬಿತ್ತಿದ ಬೀಜವೆಷ್ಟು, ಸಾಗುವಳಿಯ ಖರ್ಚೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಸಿಟ್ಟು, ಕೊನೆಗೆ ಸರಾಸರಿ ತೆಗೆದು ಕಂದಾಯ ಗೊತ್ತುಮಾಡಿದ ಎಂದು ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆಯಾಗಿ ವಿಂಗಡಿಸಿದ್ದೂ ಈ ‘ಶಿಸ್ತಿ’ನ ಭಾಗವೇ. ಒಂದು ವರ್ಷ ಅತಿವೃಷ್ಟಿ, ಇನ್ನೊಂದು ವರ್ಷ ಬರ ಇರುವ ನಾಡಿನಲ್ಲಿ ಒಂದೇ ವರ್ಷದ ಫಸಲು ನಂಬಿ ತೆರಿಗೆ ಹಾಕಿದರೆ ಅನ್ಯಾಯವಾಗುತ್ತದೆ, ಏರುಪೇರು ಸಮನಾಗುವಷ್ಟು ಕಾಲ ಅಳೆಯಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ. ಇಂದಿನ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ಮೊದಲ ಪಾಠದಲ್ಲಿ ಕಲಿಯುವುದೂ ಇದನ್ನೇ. 17ನೇ ಶತಮಾನದಲ್ಲಿ ಈತನ ರಾಜಧಾನಿ ಬಿದನೂರಿನ ಕಾಡುಗಳ ನಡುವೆ ದತ್ತಾಂಶ ಸಂಗ್ರಹಣೆ ಇಷ್ಟು ತಾಳ್ಮೆಯಿಂದ ನಡೆದಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನೂ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಶಿವಪ್ಪ ನಾಯಕನ ಈ ವ್ಯವಸ್ಥೆಯ ಪ್ರಸ್ತಾಪ ಮಾಡಿದ್ದಾನೆ. ಅರಸ ಸತ್ತು ಶತಮಾನ ದಾಟಿದ ಮೇಲೂ ಲೆಕ್ಕ ಚಲಾವಣೆಯಲ್ಲಿತ್ತು.

ಕನ್ನಡದಲ್ಲಿ ಗಣಿತ ಬರೆಯುವ ಪರಂಪರೆ ಇನ್ನೂ ಹಳೆಯದು. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’, ‘ಕ್ಷೇತ್ರ ಗಣಿತ’ ಮುಂತಾದ ಕೃತಿಗಳನ್ನು ರಚಿಸಿದ. ಅಳತೆ, ಬಡ್ಡಿ, ಹೊಲದ ವಿಸ್ತೀರ್ಣದ ಲೆಕ್ಕಗಳು ಪದ್ಯಗಳಾಗಿ ಬಾಯಿಂದ ಬಾಯಿಗೆ ಸಾಗಿದವು. ಮುಂದೆ ಶಾಲೆಗಳಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳು ಬಂದವು. ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ತೂಗಿ, ಕ್ವಿಂಟಲಿನ ದರಕ್ಕೆ ಕಿಲೋ ಕಿಲೋ ಬೆಲೆ ಕಟ್ಟಿ, ಮುಂಗಡ ಸಾಲದ ಬಡ್ಡಿ ಕಳೆದು, ಬೆಳೆಗಾರನ ಕೈಗೆ ಚೀಟಿ ಕೊಡುವಷ್ಟರಲ್ಲಿ ಹಳೆಯ ಗುಮಾಸ್ತರಿಗೆ ಪೆನ್ನು ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ಮಗ್ಗಿ ಅಷ್ಟು ಗಟ್ಟಿಯಾಗಿರುತ್ತಿತ್ತು.

ಇನ್ನು ಯಂತ್ರ. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂದು ಹೆಸರು. 1918ರಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ಚಾಲನೆ ಸಿಕ್ಕಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಡೆಯ ವರ್ಷ ಅದು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದರು. ವಿಜ್ಞಾನಕ್ಕೆಂದೇ ಮೀಸಲಾದ ಮೊದಲ ಕನ್ನಡ ಪತ್ರಿಕೆ ಅದು. ಎರಡು ವರ್ಷಗಳಷ್ಟೇ ನಡೆದು ನಿಂತಿತು. ಒಂದು ಕಡೆ ಕುಲುಮೆ, ಇನ್ನೊಂದು ಕಡೆ ಪತ್ರಿಕೆ. ಯಂತ್ರ ತಂದರೆ ಸಾಲದು, ಯಂತ್ರದ ವಿದ್ಯೆ ಜನರ ಭಾಷೆಯಲ್ಲಿ ಸಿಗಬೇಕು ಎಂಬ ಎಚ್ಚರ ಆ ತಲೆಮಾರಿಗಿತ್ತು.

ಕುಲುಮೆ ಹೊತ್ತಿಸುವುದು ಸುಲಭವಿರಲಿಲ್ಲ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ, ಸೌದೆ ಮಲೆನಾಡಿನ ಕಾಡಿನಲ್ಲಿ. ಸೌದೆಯನ್ನು ಮುಚ್ಚಿದ ಕೋಷ್ಠಗಳಲ್ಲಿ ಕಾಯಿಸಿ ಇದ್ದಿಲು ಮಾಡಬೇಕು. ಆಗ ಹೊರಬರುವ ಹೊಗೆಯನ್ನೂ ಬಿಡದೆ ತಣಿಸಿ ಮೀಥೈಲ್ ಆಲ್ಕೊಹಾಲ್, ಟಾರು ಹಿಡಿದಿಡಬೇಕು. ಟಾಟಾ ಕಾರ್ಖಾನೆಗೆ ಸಲಹೆಗಾರನಾಗಿದ್ದ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್ ಇಲ್ಲಿಯ ಯೋಜನೆಗೂ ಸಲಹೆ ಕೊಟ್ಟ. 1923ರ ಜನವರಿಯಲ್ಲಿ ಇದ್ದಿಲಿನ ಊದುಕುಲುಮೆಯಿಂದ ಬೀಡುಕಬ್ಬಿಣ ಹರಿಯಿತು. ಅಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದ ಕಾರ್ಖಾನೆಯನ್ನು ಉಳಿಸಲು 1923ರಲ್ಲಿ ವಿಶ್ವೇಶ್ವರಯ್ಯನವರನ್ನೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕರೆತರಲಾಯಿತು. 1929ರವರೆಗೆ ಅವರು ಅಲ್ಲಿದ್ದು ಅದನ್ನು ಕಾಲ ಮೇಲೆ ನಿಲ್ಲಿಸಿದರು. ಆ ವರ್ಷಗಳಲ್ಲಿ ಸಂಬಳ ಪಡೆಯದ ಅವರು, ಕೊನೆಗೆ ತಮಗೆ ಸಲ್ಲಬೇಕಾದ ಹಣವನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಕೇಳಿಕೊಂಡರು. ಅದರಿಂದ ಬೆಂಗಳೂರಿನಲ್ಲಿ ಹುಟ್ಟಿದ್ದು ಶ್ರೀ ಜಯಚಾಮರಾಜೇಂದ್ರ ಅಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌.ಜೆ. ಪಾಲಿಟೆಕ್ನಿಕ್. ತಂತ್ರವಿದ್ಯೆ ಬೆಂಗಳೂರಿನಿಂದ ಭದ್ರಾವತಿಗೆ ಬಂತು ಎನ್ನುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಣ ಹರಿದದ್ದು ಇಲ್ಲಿಂದ ಅಲ್ಲಿಗೆ.

ಬೆಂಕಿಪುರದಲ್ಲಿ ಕುಲುಮೆ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಎರಡು ಪುಸ್ತಕಗಳು ಹೊರಬಂದವು. 1920ರಲ್ಲಿ ಪ್ರಾಗ್ ನಗರದ ಕಾರೆಲ್ ಚಾಪೆಕ್ ‘ಆರ್‌.ಯು.ಆರ್‌.’ ನಾಟಕ ಪ್ರಕಟಿಸಿದ; ರೋಬಾಟ್ ಎಂಬ ಹೆಸರು ಜಗತ್ತಿಗೆ ಬಂದದ್ದು ಆ ನಾಟಕದಿಂದ. 1922ರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಬರೀ ಲೆಕ್ಕದಿಂದ ಹವಾಮಾನ ಮುಂಗಾಣುವುದು ಹೇಗೆಂದು ಒಂದು ಗ್ರಂಥ ಬರೆದ. ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಲೇ ಆತ ಲೆಕ್ಕ ಮಾಡಿದ್ದ. ಹಸ್ತಪ್ರತಿ ಗೊಂದಲದಲ್ಲಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ಸಿಕ್ಕಿತು. 1910ರ ಮೇ 20ರ ಒಂದು ದಿನದ ಆರು ಗಂಟೆಗಳ ಹವೆಯನ್ನು ಕೈಲೆಕ್ಕದಿಂದ ಕಂಡುಹಿಡಿಯಲು ಆತನಿಗೆ ಆರು ವಾರ ಹಿಡಿದಿತ್ತು. ಬಂದ ಉತ್ತರ ಪೂರ್ತಿ ತಪ್ಪು. ಆದರೂ ಆತ ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದ. ಜತೆಗೆ ಒಂದು ಕನಸನ್ನೂ ಬರೆದ: ಭೂಮಂಡಲದ ನಕ್ಷೆ ಚಿತ್ರಿಸಿದ ಒಂದು ಭಾರಿ ರಂಗಮಂದಿರ, ಅದರೊಳಗೆ ಸಾಲುಸಾಲಾಗಿ ಕುಳಿತ 64,000 ಲೆಕ್ಕಿಗರು, ಒಬ್ಬೊಬ್ಬರಿಗೂ ಒಂದೊಂದು ಪ್ರದೇಶದ ಗಾಳಿ, ನಡುವೆ ಎತ್ತರದ ಪೀಠದಲ್ಲಿ ನಿಂತು ಎಲ್ಲರ ವೇಗ ಸರಿದೂಗಿಸುವ ನಿರ್ದೇಶಕ. ಗಣಿತದ ಗ್ರಂಥದ ಒಳಗೆ ಅಡಗಿ ಕುಳಿತ ಅಪ್ಪಟ ವೈಜ್ಞಾನಿಕ ಕಥೆ ಅದು. ಇಂದು ಆಗುಂಬೆಯ ಮೇಲೆ ನಾಳೆ ಎಷ್ಟು ಮಳೆ ಸುರಿಯುತ್ತದೆ ಎಂದು ಹೇಳುವ ಸೂಪರ್ ಕಂಪ್ಯೂಟರ್ ಮಾಡುವುದು ಆ 64,000 ಲೆಕ್ಕಿಗರ ಕೆಲಸವನ್ನೇ.

ಲೆಕ್ಕದ ಹುಚ್ಚೂ ಕಥೆಯ ಹುಚ್ಚೂ ಒಂದೇ ತಲೆಯಲ್ಲಿ ಸೇರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕಬ್ಬಿಣದ ಹಿಂದೆ ಕಾಗದ ಬಂತು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಎಂಪಿಎಂ. ಕಾರ್ಮಿಕರಿಗಾಗಿ ಎದ್ದ ವಸತಿಗಳ ಊರು ಕಾಗದನಗರವಾಯಿತು. ಬಿದಿರು, ಮರ ಕತ್ತರಿಸಿ ಚಕ್ಕೆ ಮಾಡಿ, ಕ್ಷಾರದಲ್ಲಿ ಬೇಯಿಸಿ, ತಿರುಳು ತೊಳೆದು, ಓಡುವ ಜಾಲರಿಯ ಮೇಲೆ ಹಾಳೆಯಾಗಿ ಹರಡಿ, ಉರುಳೆಗಳ ನಡುವೆ ಹಿಂಡಿ, ಹಬೆಯಲ್ಲಿ ಕಾದ ಸಿಲಿಂಡರುಗಳ ಮೇಲೆ ಒಣಗಿಸಿ ರೀಲಿಗೆ ಸುತ್ತುವ ಕೆಲಸ. ಹಾಳೆಯ ತೂಕ ಚದರ ಮೀಟರಿಗೆ ಇಂತಿಷ್ಟೇ ಗ್ರಾಂ ಇರಬೇಕು. ಪತ್ರಿಕಾ ಕಾಗದವಾದರೆ ಸುಮಾರು 49 ಗ್ರಾಂ. ಒಂದೆರಡು ಗ್ರಾಂ ಕಡಿಮೆಯಾದರೆ ಮುದ್ರಣಯಂತ್ರದಲ್ಲಿ ಹರಿಯುತ್ತದೆ, ಹೆಚ್ಚಾದರೆ ಟನ್ನುಗಟ್ಟಲೆ ತಿರುಳು ಪೋಲು. ಅಳೆ, ಹೋಲಿಸು, ತಿದ್ದು, ಮತ್ತೆ ಅಳೆ ಎಂಬ ಈ ಸುತ್ತನ್ನು ಈಗ ಎಂಜಿನಿಯರಿಂಗ್ ಪಠ್ಯಗಳು ನಿಯಂತ್ರಣ ಸಿದ್ಧಾಂತ ಎಂದು ಕಲಿಸುತ್ತವೆ. ಪಾಳಿಯಲ್ಲಿ ದುಡಿಯುತ್ತಿದ್ದ ಅಪ್ಪ, ಚಿಕ್ಕಪ್ಪಂದಿರು ಅದನ್ನು ಯಂತ್ರದ ಪಕ್ಕದಲ್ಲಿ ನಿಂತೇ ಕಲಿತಿದ್ದರು. ಅವರ ಮಕ್ಕಳಿಗೆ ಮೀಟರು, ವಾಲ್ವು, ಪ್ರೆಷರು ಎಂಬ ಮಾತುಗಳು ಊಟದ ಹೊತ್ತಿನ ಮಾತುಗಳೇ ಆಗಿದ್ದವು.

1977ರಲ್ಲಿ ಎಂಪಿಎಂ ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕಾ ಕಾಗದದ ಉತ್ಪಾದನೆ ಆರಂಭವಾಯಿತು. ಅದಕ್ಕೆ ಮೊದಲು ದೇಶದಲ್ಲಿ ಪತ್ರಿಕಾ ಕಾಗದವೆಂದರೆ ಬಹುಪಾಲು ಮಧ್ಯಪ್ರದೇಶದ ನೇಪಾನಗರದ್ದು, ಇಲ್ಲವೇ ಹಡಗಿನಲ್ಲಿ ಬಂದದ್ದು. ಪತ್ರಿಕೆಗಳಿಗೆ ಕೋಟಾ ಲೆಕ್ಕದಲ್ಲಿ ಕಾಗದ ಹಂಚುತ್ತಿದ್ದ ಕಾಲ ಅದು.

ಈ ಸೀಮೆಯ ವಿದ್ಯಾರ್ಥಿಯ ಪಾಲಿಗೆ 1980ರ ಆಸುಪಾಸು ದೊಡ್ಡ ತಿರುವು. ಆ ಒಂದೇ ವರ್ಷದ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಶಿವಮೊಗ್ಗದಲ್ಲಿ ರಾಷ್ಟ್ರೀಯ ಶಿಕ್ಷಣ ಸಮಿತಿಯು ಜವಾಹರಲಾಲ್ ನೆಹರೂ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಜೆಎನ್ಎನ್‌ಸಿಇ ಎಂದು ಎಲ್ಲರೂ ಕರೆಯುವ ಈ ಕಾಲೇಜಿನಿಂದಾಗಿ ಮಲೆನಾಡಿನ ಮಕ್ಕಳು ಎಂಜಿನಿಯರಾಗಲು ಊರು ಬಿಡಲೇಬೇಕೆಂಬ ಸ್ಥಿತಿ ತಪ್ಪಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದ್ದೂ ಆ ವರ್ಷ. ಅದಕ್ಕೆ ಎರಡು ವರ್ಷ ಮೊದಲೇ ಆರಂಭವಾಗಿದ್ದ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಪರಿಷತ್ತಿನ ಆಸರೆಯಲ್ಲಿ ಹಳ್ಳಿಶಾಲೆಗಳವರೆಗೆ ಹೋಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಪ್ರಕಟವಾಯಿತು. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯ ಬೆನ್ನು ಹತ್ತುವ ವಿಜ್ಞಾನಿ ಕನ್ನಡ ಕಾದಂಬರಿಯ ಮುಖ್ಯ ಪಾತ್ರವಾದ. ಆ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೆಂಗಳೂರಿನ ಶಕುಂತಲಾ ದೇವಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಸರ್ಕಸ್ ಕಲಾವಿದನ ಮಗಳಾದ ಈಕೆ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಮಾನವ ಕಂಪ್ಯೂಟರ್ ಎಂಬ ಹೊಗಳಿಕೆಯೊಂದಿಗೆ ಆ ಸುದ್ದಿ ಕನ್ನಡದ ಮನೆಮನೆಗೆ ತಲುಪಿತು. ಕಂಪ್ಯೂಟರನ್ನು ಕಣ್ಣಿಂದ ಕಾಣುವ ಮೊದಲೇ ಅದನ್ನು ಮೀರಿಸಿದ ಹೆಣ್ಣುಮಗಳ ಕಥೆಯನ್ನು ಕೇಳಿದ ತಲೆಮಾರು ಅದು.

ಕಣ್ಣಿಂದ ಕಾಣುವುದು ನಿಜಕ್ಕೂ ಕಷ್ಟವಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ಹೊತ್ತಿಗೆ ಐಬಿಎಂ 360 ಯಂತ್ರ ಬಂದಿತ್ತು. ಆಗಿನ ಪ್ರೋಗ್ರಾಮು ಎಂದರೆ ಕಾರ್ಡುಗಳ ಕಟ್ಟು. ಒಂದು ದಪ್ಪ ಕಾಗದದ ಕಾರ್ಡಿನಲ್ಲಿ 80 ಕಂಬಸಾಲು, ಒಂದೊಂದರಲ್ಲಿ 12 ಸ್ಥಾನ, ಬೇಕಾದ ಕಡೆ ತೂತು. ಒಂದು ಕಾರ್ಡಿಗೆ ಒಂದು ಸಾಲು ಸೂಚನೆ. ಕಟ್ಟನ್ನು ಕೊಟ್ಟು, ಸರದಿ ಬರುವವರೆಗೆ ಕಾದು, ಮಾರನೇ ದಿನ ಅಚ್ಚಾದ ಉತ್ತರ ಒಯ್ಯಬೇಕು. ಒಂದು ತೂತು ತಪ್ಪಿದ್ದರೆ ಇನ್ನೊಂದು ದಿನ ಹೋಯಿತು. ಆ ಕಾಯುವಿಕೆ ಒಂದು ಒಳ್ಳೆಯ ಅಭ್ಯಾಸವನ್ನು ಕಲಿಸಿತು: ಯಂತ್ರಕ್ಕೆ ಕೊಡುವ ಮೊದಲು ಕಾಗದದ ಮೇಲೆ ಪೂರ್ತಿ ಯೋಚಿಸುವುದು. ಪ್ರತಿ ತಪ್ಪಿಗೂ ಕ್ಷಣದಲ್ಲಿ ಉತ್ತರ ಪಡೆಯುವ ಇಂದಿನ ವಿದ್ಯಾರ್ಥಿಗೂ ಈ ಅಭ್ಯಾಸ ಬೇಕು. 1984ರಲ್ಲಿ ಕೇಂದ್ರ ಸರ್ಕಾರ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಡುವ ಯೋಜನೆ ಆರಂಭಿಸಿತು. ದೇಶದಾದ್ಯಂತ ಮೊದಲಿಗೆ ಸುಮಾರು 250 ಶಾಲೆಗಳು ಮಾತ್ರ. ಉಳಿದವರು ಕಂಪ್ಯೂಟರನ್ನು ಚಿತ್ರದಲ್ಲಿ ನೋಡಿದರು, ಕಥೆಯಲ್ಲಿ ಓದಿದರು.

ಆ ಕಥೆಗಳನ್ನು ಕೊಟ್ಟವರು ಯಾರು? ಕನ್ನಡದಲ್ಲಿ ಮೊದಲು ನೆನೆಯಬೇಕಾದ ಹೆಸರು ರಾಜಶೇಖರ ಭೂಸನೂರಮಠ. ‘ಮನ್ವಂತರ’, ‘ಆಪರೇಷನ್ ಯುಎಫ್ಒ’ ಮುಂತಾದ ಕೃತಿಗಳಿಂದ ವೈಜ್ಞಾನಿಕ ಕಥೆ ಎಂಬ ಪ್ರಕಾರಕ್ಕೆ ಕನ್ನಡದಲ್ಲಿ ಅವರು ಗಟ್ಟಿ ನೆಲೆ ಕೊಟ್ಟರು. ಪೌರಾಣಿಕ ಕಾಲಗಣನೆಯನ್ನೂ ಆಧುನಿಕ ಭೌತಶಾಸ್ತ್ರವನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರಾಗಿದ್ದರು. ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಮತ್ತೊಬ್ಬರು. ತೇಜಸ್ವಿಯವರು ‘ಫ್ಲೈಯಿಂಗ್ ಸಾಸರ್ಸ್’ ಎಂದು ಎರಡು ಭಾಗಗಳ ಪುಸ್ತಕ ಬರೆದರು, ‘ಮಿಸ್ಸಿಂಗ್ ಲಿಂಕ್’ ಬರೆದರು, ಸಹಸ್ರಮಾನ ತಿರುಗುವ ಹೊತ್ತಿಗೆ ‘ಮಿಲೇನಿಯಂ’ ಮಾಲಿಕೆಯನ್ನು ಕೊಟ್ಟರು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾದ ‘ಕಸ್ತೂರಿ’, 1965ರಲ್ಲಿ ಬಂದ ‘ಸುಧಾ’ ಈ ಹಸಿವಿಗೆ ವಾರ ತಿಂಗಳು ಲೆಕ್ಕದಲ್ಲಿ ಉಣಿಸಿದವು. ಇಂಗ್ಲಿಷ್ ಬಾರದ ಓದುಗನೂ ಬಾಹ್ಯಾಕಾಶಕ್ಕೆ ಹೋಗಿಬರಬಹುದಾಗಿತ್ತು. ವಿಜ್ಞಾನಕಥೆಯನ್ನು ನಮ್ಮ ವಿಮರ್ಶೆ ಮಕ್ಕಳ ಸಾಹಿತ್ಯದ ಪಕ್ಕ ಕೂರಿಸಿ ಮರೆತದ್ದು ದೊಡ್ಡ ಲೋಪ. ಕನ್ನಡದ ಹಲವು ತಲೆಮಾರುಗಳಿಗೆ ‘ಹೀಗಾದರೆ ಏನಾದೀತು?’ ಎಂದು ಕೇಳುವುದನ್ನು ಕಲಿಸಿದ್ದು ಈ ಬರಹಗಳೇ. ಗಣಿತದವರೂ ಹೊಸ ಯಂತ್ರ ಕಟ್ಟುವವರೂ ಕೇಳುವ ಮೊದಲ ಪ್ರಶ್ನೆ ಅದು.

ತೇಜಸ್ವಿಯವರ ಹುಚ್ಚು ಓದಿಗೆ, ಬರಹಕ್ಕೆ ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಸರಾಗವಾಗಿ ಓಡದಿದ್ದರೆ ಭಾಷೆಯ ಮುಂದಿನ ದಾರಿಯೇ ಮುಚ್ಚುತ್ತದೆ ಎಂದು ಅವರು ಎಡೆಬಿಡದೆ ಹೇಳಿದರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ‘ಕುವೆಂಪು ಕನ್ನಡ ತಂತ್ರಾಂಶ’ ರೂಪುಗೊಂಡಿತು. ಆ ದಾರಿಯನ್ನು ಮೊದಲು ಸವೆಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ಕನ್ನಡದ ಉಚ್ಚಾರಣೆಯ ತರ್ಕವನ್ನೇ ಕೀಲಿಮಣೆಗೆ ಇಳಿಸಿ, 26 ಇಂಗ್ಲಿಷ್ ಕೀಲಿಗಳಲ್ಲಿ ಇಡೀ ಕನ್ನಡ ಬರೆಯುವಂತೆ ಮಾಡಿದ ಅವರ ವಿನ್ಯಾಸವೇ ಇಂದಿನ ‘ನುಡಿ’ ತಂತ್ರಾಂಶದ ಅಡಿಪಾಯ. 1998ರಲ್ಲಿ ಶೇಷಾದ್ರಿವಾಸು ‘ಬರಹ’ ತಂತ್ರಾಂಶವನ್ನು ಹೊರತಂದರು. ಜಾತ್ರೆಯ ಕರಪತ್ರದಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವೂ ಕನ್ನಡದಲ್ಲಿ ಟೈಪಾಗತೊಡಗಿತು. ವ್ಯಂಜನ, ಒತ್ತಕ್ಷರ, ಗುಣಿತಗಳ ನಿಯಮಗಳನ್ನು ಯಂತ್ರಕ್ಕೆ ತಪ್ಪಿಲ್ಲದೆ ಹೇಳಿಕೊಡುವುದು ಶುದ್ಧ ಗಣಿತದ ಕೆಲಸ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಇತ್ತ ಕಬ್ಬಿಣದ ಕಾರ್ಖಾನೆಯ ವಿದ್ಯೆ ಊರಲ್ಲಿ ಹರಡಿತ್ತು. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗಕ್ಕೆ ಎರಕ ಹೊಯ್ಯುವ ಫೌಂಡ್ರಿಗಳು ಬೆಳೆದವು. ಎರಕದ ಕೆಲಸದ ಹಳೆಯ ಶತ್ರು ಒಳಗಿನ ಪೊಳ್ಳು. ಕರಗಿದ ಲೋಹ ಅಚ್ಚಿನಲ್ಲಿ ಎಲ್ಲ ಕಡೆ ಒಂದೇ ಸಮನೆ ಗಟ್ಟಿಯಾಗುವುದಿಲ್ಲ. ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಲೋಹ ಕುಗ್ಗಿ ತೂತು ಉಳಿಯುತ್ತದೆ. ಹಿಂದೆ ಇದನ್ನು ತಿಳಿಯಲು ಹೊಯ್ದು, ಒಡೆದು ನೋಡಬೇಕಿತ್ತು. ಈಗ ಆಧುನಿಕ ಫೌಂಡ್ರಿಗಳು ಅಚ್ಚನ್ನು ಕಂಪ್ಯೂಟರಿನೊಳಗೆ ಲಕ್ಷಾಂತರ ಸಣ್ಣ ಚೌಕಗಳಾಗಿ ಸೀಳಿ, ಒಂದೊಂದು ಚೌಕದಿಂದ ಪಕ್ಕದ್ದಕ್ಕೆ ಕ್ಷಣಕ್ಷಣಕ್ಕೆ ಎಷ್ಟು ಶಾಖ ಹರಿಯಿತೆಂದು ಲೆಕ್ಕ ಹಾಕಿ, ಪೊಳ್ಳು ಬೀಳುವ ಜಾಗವನ್ನು ಹೊಯ್ಯುವ ಮೊದಲೇ ಕಂಡುಹಿಡಿಯುತ್ತವೆ. ರಿಚರ್ಡ್‌ಸನ್ ಗಾಳಿಗೆ ಮಾಡಿದ್ದನ್ನು ಇವರು ಕಬ್ಬಿಣಕ್ಕೆ ಮಾಡುತ್ತಾರೆ.

ಎಂಪಿಎಂ ಉಳಿಯಲಿಲ್ಲ. ನಷ್ಟದ ಭಾರದಲ್ಲಿ 2015–16ರ ಹೊತ್ತಿಗೆ ಯಂತ್ರಗಳು ನಿಂತವು. ಕಾರ್ಖಾನೆಯ ನೆಡುತೋಪಿಗೆ ಕೊಟ್ಟಿದ್ದ ಅರಣ್ಯಭೂಮಿಯ 40 ವರ್ಷಗಳ ಗುತ್ತಿಗೆ 2020ರಲ್ಲಿ ಮುಗಿದಾಗ, ಅಕೇಶಿಯಾ ಬೇಡ, ಸಹಜ ಕಾಡು ಬೇಕು ಎಂದು ಮಲೆನಾಡಿನ ಜನ ಬೀದಿಗಿಳಿದರು. ಆ ಬೇಡಿಕೆ ನ್ಯಾಯವಾದದ್ದು. ಕಾಗದದ ಹೆಸರಲ್ಲಿ ಕಾಡು ಕಳೆದುಕೊಂಡ ನೋವು ನಿಜ. ಕೆಲಸ ಕಳೆದುಕೊಂಡ ಮನೆಗಳ ನೋವೂ ಅಷ್ಟೇ ನಿಜ. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷವಾದಾಗ, ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಎಂದು ಹೆಸರಾಗಿದ್ದ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಅದರ ವಿರುದ್ಧ ದೀರ್ಘ ಹೋರಾಟಕ್ಕೆ ಕುಳಿತರು.

ಹಾಗಾಗಿ ಇಂದು ಕಾಗದನಗರದ ವಿದ್ಯಾರ್ಥಿಗೆ ಅಪ್ಪನ ಕಾರ್ಖಾನೆಯ ಕೆಲಸ ಕಾದಿಲ್ಲ. ಅಪ್ಪನ ವಿದ್ಯೆ ಮಾತ್ರ ಇನ್ನೂ ಮನೆಯಲ್ಲಿದೆ. ಅಳೆಯುವ ಅಭ್ಯಾಸ, ಯಂತ್ರದ ಭಯವಿಲ್ಲದಿರುವುದು, ಓದಿದ ಕಥೆಯನ್ನು ನಿಜ ಮಾಡಿ ನೋಡುವ ಆಸೆ. ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ಇವು ಒಂದನ್ನೊಂದು ಇನ್ನಷ್ಟು ಮಾತಾಡಿಸಿದರೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಇಲ್ಲೇ ಬಿಡಿಸಬಹುದಾದ ಲೆಕ್ಕಗಳು ಎಷ್ಟೋ ಇವೆ: ಅಡಿಕೆಯ ಕೊಳೆರೋಗಕ್ಕೂ ಮಳೆಗೂ ಇರುವ ನಂಟು, ಭದ್ರೆಯ ನೀರಿನ ಹಂಚಿಕೆ, ಅಕೇಶಿಯಾ ತೆಗೆದ ಜಾಗದಲ್ಲಿ ಕಾಡು ಮರಳುವ ವೇಗ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ‘ಬಾಲ ವಿಜ್ಞಾನ’, ‘ಕಸ್ತೂರಿ’, ‘ಸುಧಾ’ಗಳ ಕಟ್ಟುಗಳೋ, ಭೂಸನೂರಮಠರ ಪುಸ್ತಕಗಳೋ, ಕಾರ್ಖಾನೆಯಲ್ಲಿ ದುಡಿದವರ ಲೆಕ್ಕದ ಡೈರಿಗಳೋ ಇದ್ದರೆ ರದ್ದಿಗೆ ಹಾಕಬೇಡಿ. ಪಕ್ಕದ ಶಾಲೆಯ ಗಣಿತ ಮೇಷ್ಟ್ರನ್ನು ಕೇಳಿ, ಇಂಥ ಹುಚ್ಚಿನ ಹುಡುಗನೋ ಹುಡುಗಿಯೋ ಅಲ್ಲಿರುತ್ತಾರೆ. ಅವರ ಕೈಗೆ ಕೊಡಿ.